40 ಸಾವಿರದೊಳಗೆ ಮೊದಲ ರೋಡ್ ಬೈಕ್: ಹೊಸದಾ, ಹಳೆಯದಾ?

ಹೆಬ್ಬಾಳದ ಹೊಸಬ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮೊದಲ ರೋಡ್ ಬೈಕ್ (ಬಾಗಿದ ಹ್ಯಾಂಡಲ್‌ನ, ತೆಳು ಟೈರಿನ ಸೈಕಲ್) ತಗೊಳ್ಳಬೇಕು. ಕೈಯಲ್ಲಿರುವುದು 40 ಸಾವಿರ. ಅದರ ಮೇಲೆ ಐನೂರು ಹೆಚ್ಚಾದರೂ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕು. ಹಾಗಾಗಿ "ಇನ್ನೊಂದು ಹತ್ತು ಸಾವಿರ ಹಾಕಿಬಿಡಿ ಸರ್" ಅನ್ನುವ ಸಲಹೆ ದಯವಿಟ್ಟು ಬೇಡ.

ಈಗಿರುವುದು ಮುಂದೆ ಸಸ್ಪೆನ್ಷನ್ ಇರುವ ಗೇರ್ ಸೈಕಲ್. ಮೊನ್ನೆ ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ. ನನ್ನ ತೂಕ ಕಳೆದರೆ 17 ಕೆ.ಜಿ. ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಹೋಗಿಬರುತ್ತೇನೆ, ಎರಡೂ ಹೊತ್ತು ಸೇರಿ 22 ಕಿ.ಮೀ. ಅದು ಹೇಗೋ ನಡೆಯುತ್ತದೆ. ಭಾನುವಾರ ಗೆಳೆಯರ ಜೊತೆ ಕೆಆರ್‌ಎಸ್‌ಗೋ ನಂಜನಗೂಡಿಗೋ ಹೊರಟಾಗ ಮಾತ್ರ ಮರ್ಯಾದೆ ಹೋಗುತ್ತದೆ. ನಾನು ಹೋಟೆಲ್ ಮುಟ್ಟುವ ಹೊತ್ತಿಗೆ ಅವರದು ಎರಡನೇ ಕಾಫಿ ನಡೆದಿರುತ್ತದೆ.

ಎತ್ತರ 5 ಅಡಿ 5 ಇಂಚು, ತೂಕ 68. ಮುಂದಿನ ವರ್ಷ 200 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಒಂದನ್ನು ಮುಗಿಸುವ ಆಸೆ ಇದೆ. ಒಬ್ಬ ಗೆಳೆಯ "ಸೋರಾ ಗೇರ್ ಇಲ್ಲ ಅಂದ್ರೆ ಮುಟ್ಟಲೇಬೇಡ" ಅಂತಾನೆ. ಇನ್ನೊಬ್ಬ "ನೇರ ಹ್ಯಾಂಡಲ್‌ನ ಹೈಬ್ರಿಡ್ ತಗೊಂಡು ಸುಮ್ನಿರು" ಅಂತಾನೆ. ಏನು ಮಾಡಲಿ?

ಹಳೇ ಪೆಡಲ್ (ತುಮಕೂರು)

ಗೇರು, ಬ್ರೇಕು ಎಲ್ಲ ಆಮೇಲೆ. ಮೊದಲು ನಿಮ್ಮ ಕಾಲಿನ ಅಳತೆ ಹೇಳಿ.

ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆ ಸಂದಿಯಲ್ಲಿ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವ ಕಡೆ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಅಲ್ಲಿಗೆ ಎಷ್ಟು ಸೆಂ.ಮೀ. ಬಂತೋ ಅದನ್ನು 0.883ರಿಂದ ಗುಣಿಸಿ. ಪೆಡಲ್ ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಹೆಚ್ಚು ಕಮ್ಮಿ ಅಷ್ಟು ದೂರ ಇರಬೇಕು. ಇದು ಶುರು ಮಾಡಲು ಒಂದು ಲೆಕ್ಕ ಅಷ್ಟೇ. ಆಮೇಲೆ ಮಂಡಿ ಹೇಳಿದ ಹಾಗೆ ಅರ್ಧ ಸೆಂ.ಮೀ. ಆಚೀಚೆ ಮಾಡಿಕೊಳ್ಳಬಹುದು.

ನಾನ್ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನನ್ನ ಮೊದಲ ರೋಡ್ ಬೈಕಿನ ಫ್ರೇಮ್ 56 ಸೈಜು. ನನಗೆ ಬೇಕಿದ್ದದ್ದು 52. ಅಂಗಡಿಯಲ್ಲಿ 56ಕ್ಕೆ ಮಾತ್ರ ಡಿಸ್ಕೌಂಟ್ ಇತ್ತು. "ಸೀಟ್ ಇಳಿಸಿಕೊಡ್ತೀವಿ ಸರ್, ಎಲ್ಲ ಸರಿ ಹೋಗತ್ತೆ" ಅಂದರು. ಸೀಟು ಇಳಿಯಿತು. ಆದರೆ ಹ್ಯಾಂಡಲ್ ಹತ್ತಿರ ಬರಬೇಕಲ್ಲ? ಮೊದಲು 100 ಮಿ.ಮೀ. ಇದ್ದ ಸ್ಟೆಮ್ (ಹ್ಯಾಂಡಲನ್ನು ಹಿಡಿದುಕೊಳ್ಳುವ ಮುಂದಿನ ತುಂಡು) ತೆಗೆಸಿ 70 ಹಾಕಿಸಿದೆ. ಆಗಲೂ ಗಂಟೆಯೊಳಗೆ ಕುತ್ತಿಗೆ ಹಿಡಿಯುತ್ತಿತ್ತು. ಎಂಟು ತಿಂಗಳಿಗೆ ಮಾರಿದೆ. ಡಿಸ್ಕೌಂಟ್ ಎಷ್ಟು ಸಿಕ್ಕಿತ್ತೋ ಅದರ ಮೂರು ಪಟ್ಟು ಕಳೆದುಕೊಂಡೆ.

ನಿಮ್ಮ ಎತ್ತರಕ್ಕೆ 50 ಅಥವಾ 52ರ ಸುತ್ತ ಬರಬಹುದು. ಆದರೆ ಒಂದು ಕಂಪನಿಯ 52 ಇನ್ನೊಂದು ಕಂಪನಿಯ 52 ಅಲ್ಲ. ಹತ್ತಿ ಕೂತು ನೋಡದೆ ಅಡ್ವಾನ್ಸ್ ಕೊಡಬೇಡಿ.

ಗೇರ್ ಗಣಿತ (ಬೆಂಗಳೂರು)

ನಿಮ್ಮ ಸೋರಾ ಗೆಳೆಯನಿಗೆ ನಮಸ್ಕಾರ ಹೇಳಿ ಪಕ್ಕಕ್ಕಿಡಿ ಗುರು.

ಶಿಮಾನೊ ಕಂಪನಿಯ ರೋಡ್ ಗೇರುಗಳ ಮೆಟ್ಟಿಲು ಕೆಳಗಿನಿಂದ ಹೀಗಿದೆ: ಟೂರ್ನಿ, ಕ್ಲಾರಿಸ್, ಸೋರಾ, ಟಿಯಾಗ್ರಾ, 105. ಹಿಂದಿನ ಚಕ್ರದಲ್ಲಿ ಟೂರ್ನಿಗೆ 7 ಗೇರು, ಕ್ಲಾರಿಸ್‌ಗೆ 8, ಸೋರಾಗೆ 9, ಟಿಯಾಗ್ರಾಗೆ 10. ಒಂದು ಗೇರು ಜಾಸ್ತಿ ಇದ್ದ ಮಾತ್ರಕ್ಕೆ ನೀವೇನೂ ಬೇಗ ಹೋಗುವುದಿಲ್ಲ. ಒಂದು ಗೇರಿನಿಂದ ಇನ್ನೊಂದಕ್ಕೆ ಇರುವ ಅಂತರ ಕಮ್ಮಿ ಆಗುತ್ತದೆ ಅಷ್ಟೇ. 8 ಗೇರಿನ ಚೈನು, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಕಟ್ಟು) ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ. 2017ರಲ್ಲಿ ಬಂದ ಕ್ಲಾರಿಸ್ ಆರ್2000 ಸರಣಿಯಲ್ಲಿ ಕೇಬಲ್ ಕೂಡ ಹ್ಯಾಂಡಲ್ ಟೇಪಿನ ಕೆಳಗೇ ಹೋಗುತ್ತದೆ, ನೋಡಲೂ ಚೆನ್ನ. ಮೈಕ್ರೊಶಿಫ್ಟ್‌ನ 8 ಗೇರೂ ಕೆಲಸ ಕೊಡುತ್ತದೆ, ಡೆಕಾಥ್ಲಾನ್‌ನ ಟ್ರೈಬನ್ ಆರ್‌ಸಿ 120ರಲ್ಲಿ ಇರುವುದು ಅದೇ.

ಟೂರ್ನಿ ಎ070 ಲಿವರ್ ಬಗ್ಗೆ ಒಂದು ಮಾತು. ಅದರಲ್ಲಿ ಗೇರು ಒಂದು ದಿಕ್ಕಿಗೆ ಹಾಕಲು ಹೆಬ್ಬೆರಳಿನ ಬಟನ್ ಇದೆ. ಕೈ ಮೇಲಿನ ರಬ್ಬರಿನ ಮೇಲಿದ್ದರೆ ಸರಿ. ಹ್ಯಾಂಡಲ್‌ನ ಕೆಳಬಾಗಿನಲ್ಲಿ ಹಿಡಿದಾಗ ಆ ಬಟನ್ನಿಗೆ ಬೆರಳು ಎಟಕುವುದೇ ಕಷ್ಟ. ಕ್ಲಾರಿಸ್‌ನಲ್ಲಿ ಈ ತಲೆನೋವು ಇಲ್ಲ.

ನೀವು ನಿಜವಾಗಿ ಎಣಿಸಬೇಕಾದ್ದು ಹಲ್ಲುಗಳನ್ನು. ಮುಂದೆ ಚಿಕ್ಕ ಚಕ್ರ ಎಷ್ಟು ಹಲ್ಲು, ಹಿಂದೆ ದೊಡ್ಡದು ಎಷ್ಟು? ಮುಂದೆ 34, ಹಿಂದೆ 32 ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಮುಂದೆ 39, ಹಿಂದೆ 25 ಇದ್ದರೆ ಸುಮಾರು 3.3 ಮೀಟರ್. ಸಮತಟ್ಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಬೆಳಗಿನ ಐದು ಗಂಟೆ (ಬೆಂಗಳೂರು)

ಹೈಬ್ರಿಡ್ ವಿಷಯ ನಾನು ಹೇಳುತ್ತೇನೆ. ಮೂರು ವರ್ಷ ಹೈಬ್ರಿಡ್ ಓಡಿಸಿ ಆಮೇಲೆ ರೋಡ್ ಬೈಕಿಗೆ ಬಂದವಳು ನಾನು.

ದಿನದ 22 ಕಿ.ಮೀ.ಗೆ ಹೈಬ್ರಿಡ್ ಧಾರಾಳ ಸಾಕು. ಟ್ರಾಫಿಕ್‌ನಲ್ಲಿ ನೆಟ್ಟಗೆ ಕೂತರೆ ಸುತ್ತ ಚೆನ್ನಾಗಿ ಕಾಣುತ್ತದೆ. ಬ್ರೇಕು ಯಾವಾಗಲೂ ಬೆರಳ ಕೆಳಗೇ ಇರುತ್ತದೆ. ಕಷ್ಟ ಶುರುವಾಗುವುದು 60 ಕಿ.ಮೀ. ದಾಟಿದ ಮೇಲೆ. ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಇರುವುದು ಒಂದೇ ಜಾಗ. ಅಂಗೈ ಮರಗಟ್ಟುತ್ತದೆ, ಎದುರುಗಾಳಿಗೆ ಎದೆ ಕೊಟ್ಟು ತುಳಿಯಬೇಕಾಗುತ್ತದೆ. ಬಾಗಿದ ಹ್ಯಾಂಡಲ್‌ನಲ್ಲಿ ಮೂರು ಕಡೆ ಕೈ ಬದಲಾಯಿಸಬಹುದು. ನಿಮಗೆ ಬ್ರೆವೆ ಆಸೆ ಇದೆ ಅಂದಿರಿ, ಹಾಗಾದರೆ ರೋಡ್ ಬೈಕೇ ಸರಿ. ಬ್ರೆವೆಗೆ ರೋಡ್ ಬೈಕೇ ಬೇಕು ಅಂತ ನಿಯಮವೇನೂ ಇಲ್ಲ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಕೊಡುತ್ತಾರೆ, ಅಂದರೆ ಊಟ ತಿಂಡಿ ಸೇರಿ ಗಂಟೆಗೆ 15 ಕಿ.ಮೀ.ಗಿಂತ ಸ್ವಲ್ಪ ಕಮ್ಮಿ. ಹೆಲ್ಮೆಟ್, ಹಿಂದೆ ಮುಂದೆ ಲೈಟು, ಹೊಳೆಯುವ ಜಾಕೆಟ್ ಮಾತ್ರ ಬೇಕೇ ಬೇಕು. ಆ ದುಡ್ಡನ್ನು ಈಗಲೇ 40 ಸಾವಿರದಿಂದ ತೆಗೆದಿಟ್ಟುಬಿಡಿ.

ನಾನು 5 ಅಡಿ 1 ಇಂಚು. ಚಿಕ್ಕ ಫ್ರೇಮಿನಲ್ಲಿ ಒಂದು ಸಂಗತಿ ಯಾವ ಅಂಗಡಿಯವರೂ ಹೇಳುವುದಿಲ್ಲ. ಪೆಡಲ್ ಮುಂದಿದ್ದಾಗ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಶೂ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆ. ವೇಗದಲ್ಲಿ ಹೋಗುವಾಗ ಅಷ್ಟೆಲ್ಲ ತಿರುಗಿಸುವುದಿಲ್ಲ, ಹೆದರಬೇಕಾಗಿಲ್ಲ. ಸಿಗ್ನಲ್‌ನಲ್ಲಿ ಯು ಟರ್ನ್ ತಗೊಳ್ಳುವಾಗ ನೆನಪಿರಲಿ. ನಾನು ಬಿದ್ದದ್ದು ಒಂದು ಬಸ್ ಸ್ಟಾಪಿನ ಎದುರು, ಪೂರ್ತಿ ಪ್ರೇಕ್ಷಕರ ಸಮ್ಮುಖದಲ್ಲಿ.

ಬಿಜಾಪುರದ ಗಾಳಿ (ವಿಜಯಪುರ)

ನೋಡ್ರಿ, ಹಳೇದು ತಗೊಳ್ಳೋದಾದರೆ ಯಾರ ಕೈಯಾಗ ಇತ್ತು ಅಂತ ಮೊದಲು ಕೇಳ್ರಿ. ನಮ್ಮ ವಿಜಯಪುರ, ಬಾಗಲಕೋಟೆ, ಜಮಖಂಡಿ, ಕುಡಚಿ ಕಡೆ ರೇಸ್ ಹುಡುಗರು ಭಾಳ ಅದಾರ. ರಾಷ್ಟ್ರಮಟ್ಟದ ಪದಕ ತಂದವರು ಇಲ್ಲೇ ಹೊಲದ ಪಕ್ಕದ ರಸ್ತೆಯಲ್ಲಿ ತುಳಿದು ಬೆಳೆದವರು. ಅವರು ಬಿಟ್ಟ ಸೈಕಲ್ ಆಗಾಗ ಮಾರಾಟಕ್ಕೆ ಬರುತ್ತವೆ. ಹಗುರ ಇರುತ್ತವೆ, ಬೆಲೆಯೂ ಕಮ್ಮಿ. ಆಸೆ ಆಗುತ್ತದೆ.

ಆದರೆ ಅವು ರೇಸಿಗೆ ಕಟ್ಟಿದವು. ಹ್ಯಾಂಡಲ್ ಭಾಳ ಕೆಳಗೆ, ಭಾಳ ಮುಂದೆ. ಮುಂದಿನ ಹಲ್ಲು 53 ಮತ್ತು 39. ಹದಿನೆಂಟರ ಹುಡುಗನ ಸೊಂಟ ಬಾಗಿದಂಗ ನಮ್ಮ ನಿಮ್ಮ ಸೊಂಟ ಬಾಗೋದಿಲ್ರಿ. ನನ್ನ ತಮ್ಮ ಅಂಥದ್ದೊಂದು ತಂದು ಎರಡು ತಿಂಗಳು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡ. ಎಂಡ್ಯೂರೆನ್ಸ್ ಅಂತ ಕರೆಯುವ ಫ್ರೇಮ್ ಹುಡುಕ್ರಿ, ಹ್ಯಾಂಡಲ್ ಸ್ವಲ್ಪ ಎತ್ತರ ಇರುತ್ತದೆ.

ಹೆಬ್ಬಾಳದ ಹೊಸಬ (ಮೈಸೂರು)

ಪುಸ್ತಕ ಇಟ್ಟು ಅಳೆದೆ. 76 ಸೆಂ.ಮೀ. ಗುಣಿಸಿದರೆ 67.1. ಗೋಡೆಯ ಗುರುತು ನೋಡಿ ಮಗಳು "ಅಪ್ಪ ನೀನೂ ಎತ್ತರ ಆಗ್ತಿದೀಯಾ?" ಅಂತ ಕೇಳಿದಳು.

ಹಳೆಯದರಲ್ಲಿ ಎರಡು ಸಿಕ್ಕಿವೆ. ಒಂದು ಮಂಗಳೂರಿನಿಂದ ಬಂದದ್ದು, 22 ಸಾವಿರ, ಸೋರಾ. ಇನ್ನೊಂದು ಇಲ್ಲೇ ಜಯಲಕ್ಷ್ಮೀಪುರಂನಲ್ಲಿ, ಕ್ಲಾರಿಸ್, 28 ಸಾವಿರ ಹೇಳುತ್ತಿದ್ದಾರೆ. ಹೋಗಿ ಏನೇನು ನೋಡಬೇಕು?

ಪಕ್ಕಾ ಬಿಲ್ (ಹುಬ್ಬಳ್ಳಿ)

ನನ್ನ ಓಟು ಹೊಸದಕ್ಕೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ತೆರಿಗೆಗೆ ಮುಂಚೆ 30 ಸಾವಿರದ ಸೈಕಲ್ ಅಂದರೆ ಮೊದಲು 33,600 ಬೀಳುತ್ತಿತ್ತು, ಈಗ 31,500. ಎರಡು ಸಾವಿರದ ನೂರು ಉಳಿಯಿತು, ಹೆಲ್ಮೆಟ್ ಬಂತು. ಫ್ರೇಮಿಗೆ ವಾರಂಟಿ ಇರುತ್ತದೆ, ಮೊದಲ ಸರ್ವಿಸ್ ಫ್ರೀ. ಹಳೆಯದು ಮಾರುವವರು ಹಳೆಯ ಜಿಎಸ್‌ಟಿಯ ಬಿಲ್ ತೋರಿಸಿ "ನಾನು ಇಷ್ಟಕ್ಕೆ ತಗೊಂಡಿದ್ದೆ" ಅಂತ ಬೆಲೆ ಕಟ್ಟುತ್ತಾರೆ. ಇವತ್ತಿನ ಹೊಸ ಬೆಲೆ ಎಷ್ಟು ಅಂತ ನೋಡಿಕೊಂಡೇ ಮಾತಾಡಿ.

ಕಡಲ ತಡಿ (ಉಡುಪಿ)

ಬಿಲ್ ಅಣ್ಣನ ಮಾತು ಸರಿಯೇ, ಆದರೆ 40 ಸಾವಿರಕ್ಕೆ ಹಳೆಯದರಲ್ಲಿ ಒಂದು ಮೆಟ್ಟಿಲು ಮೇಲಿನದು ಸಿಗುವುದೂ ನಿಜ. ನೋಡಲು ಗೊತ್ತಿರಬೇಕು ಅಷ್ಟೇ.

ಮಂಗಳೂರಿನಿಂದ ಬಂದ ಸೈಕಲ್ ಅಂದಿರಲ್ಲ, ಮೊದಲು ಸೀಟಿನ ಕೊಳವೆ ಅಲ್ಲಾಡುತ್ತದಾ ನೋಡಿ. ನಮ್ಮ ಕಡೆಯ ಉಪ್ಪು ಗಾಳಿಗೆ, ಮಳೆಗೆ ಆ ಕೊಳವೆ ಫ್ರೇಮಿನ ಒಳಗೇ ಕಚ್ಚಿಕೊಂಡು ಬಿಡುತ್ತದೆ. ಹೊರಗಿಂದ ಪಳಪಳ ಅಂತಿರುತ್ತದೆ. ಬೋಲ್ಟ್ ಸಡಿಲಿಸಿ ತಿರುಗಿಸಿದರೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಹಾಗಿದ್ದರೆ ಬಿಟ್ಟು ಬನ್ನಿ, ಬೆಲೆ ಎಷ್ಟಿದ್ದರೂ.

ಆಮೇಲೆ ಚೈನು. ಇಂಚಿನ ಗುರುತಿರುವ ಸ್ಕೇಲ್ ತಗೊಂಡು ಹೋಗಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಒಂದೂವರೆ ಮಿ.ಮೀ. ದಾಟಿದ್ದರೆ ಚೈನು ಮುಗಿದಿದೆ. ಅದರ ಎರಡರಷ್ಟು ದಾಟಿದ್ದರೆ ಕ್ಯಾಸೆಟ್ಟೂ ಹೋಗಿದೆ ಅಂತಲೇ ಲೆಕ್ಕ. ಚೌಕಾಸಿ ಶುರು ಮಾಡಲು ಒಳ್ಳೇ ಜಾಗ ಇದು.

ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ಕಟಕಟ ಅಂದರೆ ಬೇರಿಂಗ್ ಸಡಿಲ ಅಥವಾ ಸವೆದಿದೆ. ರಿಮ್ ಬ್ರೇಕ್ ಆದರೆ ರಿಮ್ಮಿನ ಪಕ್ಕವನ್ನು ಬೆರಳಲ್ಲಿ ಸವರಿ. ಒಳಕ್ಕೆ ಹೊಂಡ ಆಗಿದ್ದರೆ ಆ ಚಕ್ರಕ್ಕೆ ಆಯುಸ್ಸು ಕಮ್ಮಿ. ಮುಂದಿನ ಫೋರ್ಕ್ (ಚಕ್ರ ಹಿಡಿಯುವ ಕವಲು) ಬಂದು ಸೇರುವ ಕಡೆ, ಫ್ರೇಮಿನ ಕೆಳಪೈಪಿನ ಬುಡದಲ್ಲಿ ಬಣ್ಣ ಸುಕ್ಕುಗಟ್ಟಿದೆಯಾ, ಕೂದಲೆಳೆ ಬಿರುಕು ಇದೆಯಾ ನೋಡಿ. ಎದುರಿನಿಂದ ಗುದ್ದಿದ ಸೈಕಲ್ ಅಲ್ಲಿ ಸುಳ್ಳು ಹೇಳುವುದಿಲ್ಲ. ಕೊನೆಗೆ ಸೈಕಲ್ ತಲೆಕೆಳಗು ಮಾಡಿ ಪೆಡಲ್ ಅಚ್ಚಿನ ಕೆಳಗಿರುವ ಫ್ರೇಮ್ ನಂಬರ್ ಓದಿ. ಕೆರೆದು ಹಾಕಿದ್ದರೆ ಮಾತೇ ಬೇಡ.

ಉಲ್ಟಾ ಫೋರ್ಕ್ (ದಾವಣಗೆರೆ)

ಆನ್‌ಲೈನ್‌ನಲ್ಲಿ ಡಬ್ಬದಲ್ಲಿ ತರಿಸುವ ಯೋಚನೆ ಇದ್ದರೆ ನನ್ನ ಹೆಸರು ನೋಡಿ.

85 ಪರ್ಸೆಂಟ್ ಜೋಡಿಸಿದ್ದೀವಿ ಅಂತ ಕಳಿಸಿದರು. ಉಳಿದ 15 ಪರ್ಸೆಂಟನ್ನು ಪಕ್ಕದ ಬೀದಿಯ ಅಂಗಡಿಯಲ್ಲಿ ಜೋಡಿಸಿಕೊಂಡೆ. ಮೂರು ವಾರ ಓಡಿಸಿದೆ. ಶೂ ಯಾವಾಗಲೂ ಮುಂದಿನ ಚಕ್ರಕ್ಕೆ ತಾಗುತ್ತಿತ್ತು, ಹ್ಯಾಂಡಲ್ ಕುಡಿದವನ ಹಾಗೆ ವಾಲಾಡುತ್ತಿತ್ತು. ರೋಡ್ ಬೈಕ್ ಅಂದರೆ ಹೀಗೇ ಇರಬೇಕು, ಕಲಿಯಬೇಕು ಅಂದುಕೊಂಡೆ. ಒಂದು ದಿನ ಎಂಟು ವರ್ಷದ ಹುಡುಗ ಬಂದು "ಅಂಕಲ್, ಬ್ರೇಕ್ ಯಾಕೆ ಹಿಂದುಗಡೆ ಮುಖ ಮಾಡಿದೆ?" ಅಂದ. ಫೋರ್ಕ್ ಪೂರ್ತಿ ಹಿಂದುಮುಂದಾಗಿ ಕೂತಿತ್ತು.

ಗೇರ್ ಗಣಿತ (ಬೆಂಗಳೂರು)

ಹಹ್ಹಾ, ಆ ಹುಡುಗನಿಗೆ ಮಸಾಲೆ ದೋಸೆ ಕೊಡಿಸಿದಿರಾ?

ಹೊಸಬರೇ, ಟೈರ್ ಅಗಲವೂ ನೋಡಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಸೈಕಲ್ ಯಾವುದನ್ನೂ ಬಿಡುವುದಿಲ್ಲ. ನಮಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿಗೆ 23 ಮಿ.ಮೀ. ಟೈರ್ ಹಾಕಿಕೊಂಡು ಹೋದರೆ ಹಲ್ಲು ಉದುರುತ್ತದೆ. 28 ಹಿಡಿಯುವ ಫ್ರೇಮ್ ಬೇಕು, 32 ಹಿಡಿದರೆ ಇನ್ನೂ ಖುಷಿ. ಹಳೆಯ ರಿಮ್ ಬ್ರೇಕ್ ಸೈಕಲ್‌ಗಳಲ್ಲಿ ಎಷ್ಟೋ 25ಕ್ಕೇ ನಿಂತುಬಿಡುತ್ತವೆ. ಬ್ರೇಕಿನ ಕೆಳಗೆ ಎಷ್ಟು ಜಾಗ ಇದೆ ಅಂತ ಬೆರಳು ತೂರಿಸಿ ನೋಡಿ.

ಹೆಬ್ಬಾಳದ ಹೊಸಬ (ಮೈಸೂರು)

ಎರಡೂ ನೋಡಿ ಬಂದೆ.

ಮಂಗಳೂರಿನದು ಫೋಟೋದಲ್ಲಿ ಮದುಮಗನ ಹಾಗಿತ್ತು. ಅಲೆನ್ ಕೀ ಹಾಕಿ ಬೋಲ್ಟ್ ಸಡಿಲಿಸಿದೆ. ಸೀಟು ಒಂದು ಕೂದಲೆಳೆಯೂ ಜರುಗಲಿಲ್ಲ. ಮಾರುವವರು "ನಿಮ್ಮ ಎತ್ತರಕ್ಕೆ ಸರಿಯಾಗೇ ಇದೆಯಲ್ಲ, ಯಾಕೆ ಅಲ್ಲಾಡಿಸ್ತೀರಿ?" ಅಂದರು. ಅಳೆದರೆ 71 ಸೆಂ.ಮೀ., ನನಗೆ ಬೇಕಾದದ್ದು 67.1. ನಮಸ್ಕಾರ ಹೇಳಿ ಎದ್ದು ಬಂದೆ. ಉಡುಪಿಯವರಿಗೆ ಒಂದು ಕಾಫಿ ಬಾಕಿ.

ಜಯಲಕ್ಷ್ಮೀಪುರಂನದು ಕ್ಲಾರಿಸ್, 52 ಸೈಜು, ಅಲ್ಯೂಮಿನಿಯಂ ಫ್ರೇಮ್. ಮುಂದೆ 50 ಮತ್ತು 34, ಹಿಂದೆ ದೊಡ್ಡದು 28. ಕೂತು ಬೀದಿಯಲ್ಲಿ ನಾಲ್ಕು ಸುತ್ತು ಹಾಕಿದೆ. ಮೊದಲ ಸಲ ಮೊಣಕೈ ಸಡಿಲವಾಗಿ ಬಾಗಿತ್ತು. ಬಿಲ್ ಇತ್ತು, ನಂಬರ್ ತಾಳೆ ಆಯಿತು. ಸ್ಕೇಲ್ ಇಟ್ಟೆ, ಚೈನು ಎರಡು ಮಿ.ಮೀ. ದಾಟಿತ್ತು. ಟೈರ್ ಪಕ್ಕದಲ್ಲಿ ಬಿರುಕು. ಎರಡನ್ನೂ ತೋರಿಸಿದೆ, 25,500ಕ್ಕೆ ಬಂದರು.

ಹೇಗಿದ್ದರೂ ಏರಿಗೆ 28 ಸಾಲದು ಅನ್ನಿಸಿ ಚೈನಿನ ಜೊತೆಗೆ 32 ಹಲ್ಲಿನ ಕ್ಯಾಸೆಟ್ಟೂ ಹಾಕಿಸಿದೆ. ಹಿಂದಿನ ಡೀರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಅಷ್ಟು ಹಲ್ಲು ತಾಳುತ್ತದೆ ಅಂತ ಮೆಕ್ಯಾನಿಕ್ ನೋಡಿ ಹೇಳಿದ ಮೇಲೆಯೇ. ಅದಕ್ಕೆ 2,400. ಎರಡು 28 ಮಿ.ಮೀ. ಟೈರು, ಟ್ಯೂಬು 3,200. ಕೇಬಲ್, ಹ್ಯಾಂಡಲ್ ಟೇಪ್, ಮಜೂರಿ 1,500. ಹೆಲ್ಮೆಟ್ 2,000, ಲೈಟು 1,600, ಪಂಪು ಮತ್ತು ಟೈರ್ ಬಿಚ್ಚುವ ಲಿವರ್ 1,300. ಒಟ್ಟು 37,500. ಉಳಿದ ಎರಡೂವರೆ ಸಾವಿರದ ಸುದ್ದಿ ಮನೆಯಲ್ಲಿ ಇನ್ನೂ ಹೇಳಿಲ್ಲ.

ಪಕ್ಕಾ ಬಿಲ್ (ಹುಬ್ಬಳ್ಳಿ)

ಬಿಲ್ ಕೇಳಿದ್ದಕ್ಕೆ ಸಂತೋಷ. ಸೋತೆ ಅಂತ ಒಪ್ಪುವುದಿಲ್ಲ, ಆದರೆ ಬೆಲೆ ಚೆನ್ನಾಗಿದೆ.

ಬೆಳಗಿನ ಐದು ಗಂಟೆ (ಬೆಂಗಳೂರು)

ಅಭಿನಂದನೆ! ಒಂದು ಚಿಕ್ಕ ವಸ್ತು ಬಿಟ್ಟಿದ್ದೀರಿ. ನಿಮ್ಮ ಹೊಸ ಟ್ಯೂಬಿನ ವಾಲ್ವ್ ತೆಳ್ಳಗೆ ಕಡ್ಡಿಯ ಹಾಗಿದ್ದರೆ ಅದು ಪ್ರೆಸ್ಟಾ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ನಾನು ದೇವನಹಳ್ಳಿ ಹತ್ತಿರ ಒಂದು ಅಂಗಡಿಯಲ್ಲಿ ಅರ್ಧ ಗಂಟೆ ನಿಂತಿದ್ದೆ. ಪಾಪ ಅವರು ಬಟ್ಟೆ ಸುತ್ತಿ, ಬೆರಳು ಒತ್ತಿ ಏನೇನೋ ಮಾಡಿದರು. ಕೊನೆಗೆ "ಮೇಡಂ, ಇದು ಫಾರಿನ್ ಗಾಳಿ" ಅಂದುಬಿಟ್ಟರು.

ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಹತ್ತಾರು ರೂಪಾಯಿ ಅಷ್ಟೇ. ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಕೊಳ್ಳಿ. ವಾಲ್ವಿನ ತುದಿಯ ಪುಟ್ಟ ನಟ್ ಸಡಿಲಿಸಿ, ಒಮ್ಮೆ ಒತ್ತಿ ಪುಸ್ ಅನ್ನಿಸಿ, ಆಮೇಲೆ ಗಾಳಿ. ನಿಮ್ಮ ತೂಕಕ್ಕೆ 28ರ ಟೈರಿನಲ್ಲಿ 70 ಪಿಎಸ್‌ಐ ಸುತ್ತ ಹಾಕಿ. ಅಂಗಡಿಯವರು ಮೋಟಾರ್ ಬೈಕ್ ಟೈರಿನ ಅಭ್ಯಾಸದಲ್ಲಿ 35ಕ್ಕೇ ನಿಲ್ಲಿಸುತ್ತಾರೆ, ಹಾಗೇ ಹೋದರೆ ಮೊದಲ ಗುಂಡಿಗೇ ಟ್ಯೂಬು ಕಚ್ಚಿಕೊಂಡು ತೂತಾಗುತ್ತದೆ.

ಹೆಬ್ಬಾಳದ ಹೊಸಬ (ಮೈಸೂರು)

ಅಡಾಪ್ಟರ್ ತಗೊಂಡೆ.

ಇವತ್ತು ಬೆಳಿಗ್ಗೆ ತಾವರೆಕಟ್ಟೆ ಕಡೆಯಿಂದ ಚಾಮುಂಡಿ ಹತ್ತಿದೆ. ಒಂದು ಕಡೆ ಇಳಿದು ನಿಂತೆ, ಸುಳ್ಳು ಹೇಳುವುದಿಲ್ಲ. ನೀರು ಕುಡಿದೆ, ಮೆಟ್ಟಿಲು ಹತ್ತಿ ಬಂದ ಒಬ್ಬ ಅಜ್ಜಿ ನನಗಿಂತ ಚೆನ್ನಾಗಿ ಉಸಿರಾಡುತ್ತಿದ್ದರು. ಆದರೆ 34-32ರಲ್ಲಿ ಕೂತೇ ಮೇಲೆ ಮುಟ್ಟಿದೆ. ಹಳೆಯ ಸೈಕಲ್‌ನಲ್ಲಿ ಕೊನೆಯ ತಿರುವಿನಲ್ಲಿ ಯಾವಾಗಲೂ ತಳ್ಳುತ್ತಿದ್ದೆ.

ಒಂದೇ ಚಿಂತೆ. ಏರಿನಲ್ಲಿ ತುಳಿದಾಗಲೆಲ್ಲ ಎಲ್ಲೋ ಟಿಕ್, ಟಿಕ್ ಅನ್ನುತ್ತದೆ. ಫ್ರೇಮ್ ಬಿರುಕೇನಾದರೂ ಇರಬಹುದಾ?

ಹಳೇ ಪೆಡಲ್ (ತುಮಕೂರು)

ಗಾಬರಿ ಬೇಡ. ಸೀಟಿನಿಂದ ಎದ್ದು ನಿಂತು ತುಳಿದು ನೋಡಿ. ಆಗ ಶಬ್ದ ನಿಂತರೆ ಸೀಟಿನ ಕಡೆಯದು. ಕೊಳವೆ ಹೊರಗೆ ತೆಗೆದು ಒರೆಸಿ, ಗ್ರೀಸ್ ತೆಳುವಾಗಿ ಸವರಿ, ಮತ್ತೆ 67.1ಕ್ಕೇ ಕೂರಿಸಿ. ನಿಂತಾಗಲೂ ಬಂದರೆ ಪೆಡಲ್ ಬಿಚ್ಚಿ ತಿರುಪಿನ ಮರೆಗೆ ಗ್ರೀಸ್ ಹಾಕಿ. ಎಡಗಡೆ ಪೆಡಲ್ ಮರೆ ಉಲ್ಟಾ ಇರುತ್ತದೆ, ಮರೆತು ಜೋರು ಮಾಡಿ ಹಾಳು ಮಾಡಬೇಡಿ.

ಹೆಬ್ಬಾಳದ ಹೊಸಬ (ಮೈಸೂರು)

ನಿಂತಾಗ ಬರುತ್ತಿಲ್ಲ. ಸೀಟೇ. ಗ್ರೀಸ್ ಡಬ್ಬಿ ತರಲು ಹೊರಟೆ.